ವಿಂಡೋಸ್ ಗೇಮ್, ಲಿನಕ್ಸ್ ಕಂಪ್ಯೂಟರ್

ವಿಂಡೋಸ್‌ಗೆಂದೇ ಮಾಡಿದ ಗೇಮ್ ನನ್ನ ಗೆಳೆಯನ ಲಿನಕ್ಸ್ ಕಂಪ್ಯೂಟರಿನಲ್ಲೂ ಓಡುತ್ತದೆ. ಅದು ಹೇಗೆ?

ಗೇಮಿನ ಲೆಕ್ಕಾಚಾರವೆಲ್ಲ ನಡೆಯುವುದು ಪ್ರೊಸೆಸರಿನಲ್ಲಿ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ಪ್ರೊಸೆಸರ್ ಅದೇ. ತೊಡಕು ಬರುವುದು ಗೇಮ್ ‘ಈ ಫೈಲ್ ತೆರೆ’, ‘ಮೌಸ್ ಎಲ್ಲಿದೆ ಹೇಳು’ ಎಂದು ಆಪರೇಟಿಂಗ್ ಸಿಸ್ಟಮ್ಮನ್ನು ಕೇಳಿದಾಗ. ಅದು ಕೇಳುವುದು ವಿಂಡೋಸಿನ ರೀತಿಯಲ್ಲಿ, ಲಿನಕ್ಸಿಗೆ ಆ ರೀತಿ ತಿಳಿಯದು. ಮೂರು ಪಿನ್ನಿನ ಪ್ಲಗ್ಗು ಎರಡು ಪಿನ್ನಿನ ಸಾಕೆಟ್ಟಿಗೆ ಹೋಗದ ಹಾಗೆ: ಕರೆಂಟು ಒಂದೇ, ನಡುವೆ ಅಡಾಪ್ಟರ್ ಬೇಕು.

1993ರಲ್ಲಿ ಶುರುವಾದ ‘ವೈನ್’ ಎಂಬ ಮುಕ್ತ ತಂತ್ರಾಂಶವೇ ಆ ಅಡಾಪ್ಟರ್. ಅದನ್ನು ಆಧರಿಸಿ ವಾಲ್ವ್ ಎಂಬ ಗೇಮ್ ಕಂಪನಿ 2018ರಲ್ಲಿ ‘ಪ್ರೋಟಾನ್’ ತಂದಿತು. ಚಿತ್ರ ಬಿಡಿಸಲು ಗೇಮ್ ವಿಂಡೋಸಿನ ಡೈರೆಕ್ಟ್‌ಎಕ್ಸ್‌ನಲ್ಲಿ ಕೊಡುವ ಆದೇಶವನ್ನು ಪ್ರೋಟಾನ್‌ನೊಳಗಿನ ‘ಡಿಎಕ್ಸ್‌ವಿಕೆ’ ಎಂಬ ಭಾಗ, ಲಿನಕ್ಸಿನಲ್ಲಿ ನಡೆಯುವ ‘ವಲ್ಕನ್’ ಆದೇಶವಾಗಿ ಆಟ ನಡೆಯುತ್ತಿರುವಾಗಲೇ ಬದಲಿಸಿಕೊಡುತ್ತದೆ. ಇಡೀ ವಿಂಡೋಸನ್ನು ಹೊತ್ತು ತಿರುಗುವ ಹೊರೆ ಇಲ್ಲದ್ದರಿಂದ ಎಷ್ಟೋ ಗೇಮ್‌ಗಳ ವೇಗ ಹೆಚ್ಚೇನೂ ತಗ್ಗುವುದಿಲ್ಲ. ಲಿನಕ್ಸ್ ಬಳಸುವವರಿಗೆ ಈಚಿನ ವರ್ಷಗಳಲ್ಲಿ ಸಿಕ್ಕ ದೊಡ್ಡ ಉಪಕಾರವೆಂದರೆ ಇದೇ.

ಆದರೆ ಮೋಸದಾಟ ತಡೆಯಲು ವಿಂಡೋಸಿನ ಆಳಕ್ಕೇ ಇಳಿಯುವ ವ್ಯಾಲೊರಂಟ್‌ನಂಥ ಆನ್‌ಲೈನ್ ಗೇಮ್‌ಗಳು ಪ್ರೋಟಾನ್‌ಗೆ ಒಗ್ಗುವುದಿಲ್ಲ. ಯಾವುದೇ ಗೇಮಿಗೆ ದುಡ್ಡು ಕೊಡುವ ಮುನ್ನ ‘ಪ್ರೋಟಾನ್‌ಡಿಬಿ’ ಜಾಲತಾಣದಲ್ಲಿ ಅದರ ಹೆಸರು ಹುಡುಕಿ, ಲಿನಕ್ಸಿನಲ್ಲಿ ಓಡುತ್ತದೆಯೇ ನೋಡಿ.