ಎಂಜಿನ್ನಿನ ಶೀತಕ ದ್ರವ ಕಲುಷಿತವಾದಾಗ: ವಾಹನ ಮಾಲೀಕರು ತಿಳಿದಿರಬೇಕಾದ ಸಂಗತಿಗಳು

ನಮ್ಮ ದೇಶದ ಮೋಟಾರು ವಾಹನ ಉದ್ಯಮದ ಪ್ರಮುಖ ಕೇಂದ್ರಗಳಲ್ಲಿ ಪುಣೆಯೂ ಒಂದು. ಎ.ಆರ್.ಎ.ಐ. ಎಂದು ಪರಿಚಿತವಾದ, 1966ರಲ್ಲಿ ಸ್ಥಾಪಿತವಾದ ವಾಹನ ಸಂಶೋಧನಾ ಸಂಸ್ಥೆಯು ಇಲ್ಲಿಯೇ ಇದೆ. ಬಿಂದುಮಾಧವ ಜೋಶಿಯವರು 1974ರಲ್ಲಿ ಗ್ರಾಹಕ ಪಂಚಾಯತ್ ಚಳವಳಿಯನ್ನು ಆರಂಭಿಸಿದ್ದೂ ಇದೇ ನಗರದಲ್ಲಿ. ಯಂತ್ರದ ತಿಳಿವಳಿಕೆ ಮತ್ತು ಗ್ರಾಹಕನ ಜಾಗೃತಿ ಎರಡೂ ಒಟ್ಟಿಗೆ ಬೇಕಾಗುವ ಸಂದರ್ಭವೊಂದು ಕಾರಿನ ಮಾಲೀಕರಿಗೆ ಆಗಾಗ ಎದುರಾಗುತ್ತದೆ. ಎಂಜಿನ್ನನ್ನು ತಂಪಾಗಿಡುವ ದ್ರವವು ಕಲುಷಿತವಾಗಿದೆಯೆಂದೂ, ದುರಸ್ತಿಗೆ ಭಾರಿ ವೆಚ್ಚ ತಗಲುವುದೆಂದೂ ಗ್ಯಾರೇಜಿನವರು ತಿಳಿಸುವ ಸಂದರ್ಭವದು.

ಬೆಳಗಾವಿ, ವಿಜಯಪುರ, ಹುಬ್ಬಳ್ಳಿ ಮುಂತಾದ ಊರುಗಳಿಂದ ಉದ್ಯೋಗ, ವಿದ್ಯಾಭ್ಯಾಸ ಮತ್ತು ವೈದ್ಯಕೀಯ ಚಿಕಿತ್ಸೆಗಾಗಿ ಪುಣೆಗೆ ಹೋಗಿಬರುವ ಕನ್ನಡಿಗರು ಅನೇಕರಿದ್ದಾರೆ. ಪರಸ್ಥಳದಲ್ಲಿ ವಾಹನ ಕೆಟ್ಟು ನಿಂತಾಗ, ಗಾಬರಿಯಲ್ಲಿ ಕೈಗೊಂಡ ನಿರ್ಧಾರವು ಕುಟುಂಬದ ಹಲವು ತಿಂಗಳ ಉಳಿತಾಯವನ್ನೇ ಕಬಳಿಸಬಹುದು. ಆದುದರಿಂದ ಈ ವಿಷಯದ ಮೂಲಾಂಶಗಳನ್ನು ಮೊದಲೇ ಅರಿತಿರುವುದು ಹಿತಕರ.

ಶೀತಕ ದ್ರವದ ಕಾರ್ಯ

ಕೂಲೆಂಟ್ ಎಂದು ಕರೆಯಲ್ಪಡುವ ಶೀತಕ ದ್ರವವು ಸಾಮಾನ್ಯವಾಗಿ ಎಥಿಲೀನ್ ಗ್ಲೈಕಾಲ್ ಮತ್ತು ಖನಿಜಾಂಶ ತೆಗೆದ ನೀರಿನ ಮಿಶ್ರಣ. ಇದಕ್ಕೆ ತುಕ್ಕು ತಡೆಯುವ ರಾಸಾಯನಿಕಗಳನ್ನೂ ಸೇರಿಸಿರುತ್ತಾರೆ. ಸಮುದ್ರ ಮಟ್ಟದಿಂದ ಸುಮಾರು 560 ಮೀಟರ್ ಎತ್ತರದಲ್ಲಿರುವ ಪುಣೆಯಲ್ಲಿ ಬರಿಯ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲಿಯೇ ಕುದಿಯುತ್ತದೆ. ಆದರೆ ಎಂಜಿನ್ನಿನ ಶೀತಕವು ಸಾಮಾನ್ಯವಾಗಿ 80ರಿಂದ 95 ಡಿಗ್ರಿ ಉಷ್ಣತೆಯಲ್ಲಿರುತ್ತದೆ. ಖಂಬಾಟಕಿ ಅಥವಾ ಖಂಡಾಳಾ ಘಾಟಿನಂತಹ ಏರುದಾರಿಯಲ್ಲಿ, ಬೇಸಿಗೆಯ ಬಿಸಿಲಿನಲ್ಲಿ, ಈ ಅಂತರವು ಬಹುಬೇಗ ಕರಗಿಹೋಗುತ್ತದೆ. ಗ್ಲೈಕಾಲ್ ಬೆರೆತಿರುವುದರಿಂದಲೂ, ಮುಚ್ಚಳವು ಒತ್ತಡವನ್ನು ಹಿಡಿದಿಡುವುದರಿಂದಲೂ ಕುದಿಯುವ ಬಿಂದುವು 120 ಡಿಗ್ರಿಗೂ ಮೇಲೇರುತ್ತದೆ. ದ್ರವವು ಕೆಟ್ಟರೆ ಅಥವಾ ಮುಚ್ಚಳವು ಸಡಿಲವಾದರೆ ಈ ರಕ್ಷಣೆ ತಪ್ಪಿಹೋಗುತ್ತದೆ.

ಬಣ್ಣವು ನೀಡುವ ಸೂಚನೆ

ಹಸಿರು, ಕೆಂಪು, ನೀಲಿ ಮುಂತಾದ ಮೂಲ ಬಣ್ಣಗಳು ತಯಾರಕರು ಸೇರಿಸಿದವು. ಅವುಗಳಿಂದ ಗುಣಮಟ್ಟವನ್ನು ಅಳೆಯಲಾಗದು. ಬಣ್ಣದಲ್ಲಿ ಆದ ಬದಲಾವಣೆಯನ್ನು ಮಾತ್ರ ಗಮನಿಸತಕ್ಕದ್ದು.

ದ್ರವವು ಕಂದು ಬಣ್ಣಕ್ಕೆ ತಿರುಗಿದ್ದರೆ ಒಳಗೆ ತುಕ್ಕು ಹಿಡಿದಿದೆಯೆಂದು ತಿಳಿಯಬಹುದು. ಬಹುಕಾಲ ಬರಿಯ ನೀರನ್ನೇ ತುಂಬುತ್ತ ಬಂದ ವಾಹನಗಳಲ್ಲಿ ಇದು ಸಾಮಾನ್ಯ. ಬಿಳಿಯ ಪದರ ಅಥವಾ ಪುಡಿ ಕಾಣಿಸಿದರೆ ಕೊಳವೆ ಬಾವಿಯ ಗಡಸು ನೀರಿನ ಸುಣ್ಣದಂಶ ಕಾರಣವಾಗಿರಬಹುದು. ಒಂದಕ್ಕೊಂದು ಹೊಂದದ ಎರಡು ಬಗೆಯ ಶೀತಕಗಳನ್ನು ಬೆರೆಸಿದಾಗ ಲೋಳೆಯಂತಹ ವಸ್ತುವುಂಟಾಗಿ ರೇಡಿಯೇಟರಿನ ಸಣ್ಣ ನಾಳಗಳು ಕಟ್ಟಿಕೊಳ್ಳುವ ಸಂಭವವಿದೆ. ಈ ಮೂರು ಸಂದರ್ಭಗಳಲ್ಲಿ ಹಾನಿಯು ಮುಂದುವರಿದಿಲ್ಲವಾದರೆ, ವ್ಯವಸ್ಥೆಯನ್ನು ತೊಳೆದು ಹೊಸ ದ್ರವ ತುಂಬುವುದರಿಂದಲೇ ಸಮಸ್ಯೆ ಬಹುಮಟ್ಟಿಗೆ ಬಗೆಹರಿಯುತ್ತದೆ.

ದ್ರವದ ಮೇಲೆ ಬೆಣ್ಣೆಯಂತಹ ಮಂದ ಪದಾರ್ಥ ತೇಲುತ್ತಿದ್ದರೆ ಎಣ್ಣೆಯು ಸೇರಿಕೊಂಡಿದೆಯೆಂದು ಅರ್ಥ. ಈ ಸ್ಥಿತಿಯಲ್ಲಿಯೇ ದೊಡ್ಡ ಮೊತ್ತದ ಅಂದಾಜು ಬರುವುದು. ಎಣ್ಣೆ ಸೇರಲು ಕಾರಣ ಒಂದೇ ಅಲ್ಲವೆಂಬುದನ್ನು ಓದುಗರು ವಿಶೇಷವಾಗಿ ನೆನಪಿಡಬೇಕು. ಸಿಲಿಂಡರ್ ಹೆಡ್ಡಿನ ಕೆಳಗಿನ ಗ್ಯಾಸ್ಕೆಟ್ ಸೀಳಿರಬಹುದು, ಹೆಡ್ ಸೊಟ್ಟಗಾಗಿರಬಹುದು ಅಥವಾ ಬಿರುಕು ಬಿಟ್ಟಿರಬಹುದು. ಆದರೆ ಅನೇಕ ಎಂಜಿನ್ನುಗಳಲ್ಲಿ ಎಣ್ಣೆಯನ್ನು ತಂಪಾಗಿಸುವ ಆಯಿಲ್ ಕೂಲರ್ ಎಂಬ ಪ್ರತ್ಯೇಕ ಭಾಗವಿದ್ದು, ಅದು ಸೋರಿದರೂ ಇದೇ ಲಕ್ಷಣ ಕಾಣಿಸುತ್ತದೆ. ಇದರ ಬದಲಾವಣೆಗೆ ಸಾಮಾನ್ಯವಾಗಿ ಎಂಜಿನ್ ಬಿಚ್ಚುವಷ್ಟು ವೆಚ್ಚವಾಗುವುದಿಲ್ಲ. ಸ್ವಯಂಚಾಲಿತ ಗೇರಿನ ಕೆಲವು ಕಾರುಗಳಲ್ಲಿ ಗೇರ್ ಎಣ್ಣೆಯ ಕೂಲರ್ ರೇಡಿಯೇಟರಿನೊಳಗೇ ಇರುವುದರಿಂದ ಅಲ್ಲಿಂದಲೂ ಎಣ್ಣೆ ಬರಬಹುದು.

ದುರಸ್ತಿಗೆ ಮುನ್ನ ಪರೀಕ್ಷೆ

ರೋಗವನ್ನು ಗುರುತಿಸದೆ ಶಸ್ತ್ರಚಿಕಿತ್ಸೆಗೆ ಒಪ್ಪುವವರಿಲ್ಲ. ಎಂಜಿನ್ನಿನ ವಿಷಯದಲ್ಲಿಯೂ ಇದೇ ನಿಯಮ. ಈ ಕೆಳಗಿನ ಪರೀಕ್ಷೆಗಳನ್ನು ಎಂಜಿನ್ ಬಿಚ್ಚದೆಯೇ ನಡೆಸಬಹುದು.

1. ತಣ್ಣಗಿರುವ ಶೀತಕ ವ್ಯವಸ್ಥೆಗೆ ಕೈಪಂಪಿನಿಂದ ಒತ್ತಡ ಕೊಟ್ಟು, ಒತ್ತಡ ಇಳಿಯುವುದೇ ಎಂದು ನೋಡುವುದು.

2. ಶೀತಕದ ಮೇಲಿನ ಗಾಳಿಯನ್ನು ನೀಲಿ ಬಣ್ಣದ ಪರೀಕ್ಷಾ ದ್ರವದ ಮೂಲಕ ಹಾಯಿಸುವುದು. ದ್ರವವು ಹಳದಿಗೆ ತಿರುಗಿದರೆ ಸಿಲಿಂಡರಿನ ದಹನಾನಿಲವು ಶೀತಕದೊಳಗೆ ಸೋರುತ್ತಿದೆಯೆಂದು ಅರ್ಥ.

3. ಪ್ರತಿಯೊಂದು ಸಿಲಿಂಡರಿನ ಕಂಪ್ರೆಷನ್ ಅಳೆದು ಹೋಲಿಸುವುದು.

4. ಎಣ್ಣೆಯ ಅಳತೆಗೋಲನ್ನು ತೆಗೆದು, ಎಣ್ಣೆಯು ಹಾಲಿನಂತಾಗಿದೆಯೇ ಎಂದು ನೋಡುವುದು.

ದಹನಾನಿಲದ ಸುಳಿವಿಲ್ಲದೆ, ಕಂಪ್ರೆಷನ್ ಸಮನಾಗಿದ್ದು, ಶೀತಕದಲ್ಲಿ ಎಣ್ಣೆ ಮಾತ್ರ ಕಂಡುಬಂದರೆ ಮೊದಲು ಆಯಿಲ್ ಕೂಲರನ್ನು ಪರೀಕ್ಷಿಸುವಂತೆ ಕೇಳುವುದು ಯುಕ್ತ. ಅಳತೆಗೋಲಿನ ಎಣ್ಣೆಯು ಹಾಲಿನಂತಾಗಿದ್ದರೆ ಮಾತ್ರ ಎಂಜಿನ್ನನ್ನು ಚಾಲನೆ ಮಾಡಲೇಬಾರದು. ನೀರು ಬೆರೆತ ಎಣ್ಣೆಯು ಬೇರಿಂಗುಗಳನ್ನು ರಕ್ಷಿಸಲಾರದು. ಅಂಥ ವಾಹನವನ್ನು ಎಳೆಸಿಕೊಂಡು ಹೋಗುವ ಖರ್ಚು, ಓಡಿಸಿದರೆ ಆಗುವ ನಷ್ಟಕ್ಕಿಂತ ಬಹಳ ಕಡಿಮೆ.

ಅಂದಾಜು ಪಟ್ಟಿಯನ್ನು ಕುರಿತು

ಒಟ್ಟು ಮೊತ್ತವನ್ನಷ್ಟೇ ತಿಳಿಸುವ ಬಾಯಿಮಾತಿನ ಅಂದಾಜನ್ನು ಒಪ್ಪಬಾರದು. ಬಿಡಿಭಾಗಗಳ ಬೆಲೆ, ಕೂಲಿ, ಹೆಡ್ಡನ್ನು ಸಮತಟ್ಟು ಮಾಡಿಸುವ ಯಂತ್ರಕೆಲಸ, ಎಣ್ಣೆ ಹಾಗೂ ಶೀತಕದ ವೆಚ್ಚಗಳನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಬೇಕು. ಹೆಡ್ ಸೊಟ್ಟಗಾಗಿದೆ ಎಂದರೆ ಅಳತೆ ಎಷ್ಟು, ತಯಾರಕರು ನಿಗದಿಪಡಿಸಿದ ಮಿತಿ ಎಷ್ಟು ಎಂದು ಕೇಳಬೇಕು. ಬದಲಾಯಿಸಿದ ಹಳೆಯ ಭಾಗಗಳನ್ನು ಹಿಂದಿರುಗಿಸಲು ಮುಂಚೆಯೇ ತಿಳಿಸಬೇಕು. ಸಾಧ್ಯವಾದರೆ ಪರೀಕ್ಷೆಯ ಫಲಿತಾಂಶಗಳೊಡನೆ ಮತ್ತೊಂದು ಗ್ಯಾರೇಜಿನ ಅಂದಾಜನ್ನೂ ಪಡೆಯಬೇಕು.

ಇಲ್ಲಿ ಒಂದು ಕಾನೂನಿನ ಅಂಶವನ್ನು ಗಮನಿಸುವುದು ಅವಶ್ಯ. 1872ರ ಭಾರತೀಯ ಕರಾರು ಅಧಿನಿಯಮದ 170ನೆಯ ಪ್ರಕರಣದಂತೆ, ದುರಸ್ತಿ ಮಾಡಿದವರು ತಮಗೆ ಸಲ್ಲಬೇಕಾದ ಪ್ರತಿಫಲ ದೊರೆಯುವವರೆಗೆ ವಾಹನವನ್ನು ತಮ್ಮಲ್ಲಿಯೇ ಇಟ್ಟುಕೊಳ್ಳಬಹುದು. ಆದುದರಿಂದ ಕೆಲಸ ಮುಗಿದ ಮೇಲೆ ಚೌಕಾಶಿಗೆ ಹೆಚ್ಚು ಅವಕಾಶವಿರುವುದಿಲ್ಲ. ಎಂಜಿನ್ ಬಿಚ್ಚುವ ಮೊದಲೇ, ಲಿಖಿತ ಅನುಮತಿಯಿಲ್ಲದೆ ಹೆಚ್ಚಿನ ಕೆಲಸ ಮಾಡಬಾರದೆಂದು ಬರೆಸಿಕೊಳ್ಳುವುದೇ ಸರಿಯಾದ ಮಾರ್ಗ. ಸಾಮಾನ್ಯ ಮೋಟಾರು ವಿಮೆಯಲ್ಲಿ ಯಾಂತ್ರಿಕ ವೈಫಲ್ಯ ಮತ್ತು ಸವೆತ ಸೇರಿರುವುದಿಲ್ಲವೆಂಬುದನ್ನೂ ತಿಳಿದಿರಬೇಕು.

ಗ್ರಾಹಕನಿಗಿರುವ ರಕ್ಷಣೆ

ಬಿಡಿಭಾಗಗಳನ್ನೂ ಪರೀಕ್ಷಾ ಉಪಕರಣಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ದೊರೆಯದಂತೆ ಮಾಡುವುದು ಸ್ಪರ್ಧೆಗೆ ಮಾರಕವೆಂದು ಭಾರತೀಯ ಸ್ಪರ್ಧಾ ಆಯೋಗವು 2014ರ ಆಗಸ್ಟ್ 25ರಂದು ನಿರ್ಣಯಿಸಿ, 14 ಕಾರು ತಯಾರಕರಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಮೀರಿದ ದಂಡ ವಿಧಿಸಿತು. ದಂಡದ ವಿಷಯ ಮುಂದೆ ನ್ಯಾಯಾಲಯಗಳ ಮೆಟ್ಟಿಲೇರಿತಾದರೂ, ಗ್ರಾಹಕನ ಆಯ್ಕೆಯ ಪ್ರಶ್ನೆಯು ದೇಶದ ಗಮನಕ್ಕೆ ಬಂದಿತು.

2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಂತೆ, ದುರಸ್ತಿ ಸೇವೆಯಲ್ಲಿನ ಲೋಪಕ್ಕೆ ಪರಿಹಾರ ಕೇಳಬಹುದು. ನಿಯಮಾನುಸಾರ ಬಿಲ್ಲು ಕೊಡದಿರುವುದು ಅನುಚಿತ ವ್ಯಾಪಾರ ಪದ್ಧತಿಯೆನಿಸುತ್ತದೆ. ತಾವು ವಾಸಿಸುವ ಸ್ಥಳದಲ್ಲಿಯೇ ದೂರು ಸಲ್ಲಿಸಲು ಅವಕಾಶವಿರುವುದರಿಂದ, ಪುಣೆಯಲ್ಲಿ ದುರಸ್ತಿ ಮಾಡಿಸಿದ ವಿಜಯಪುರದ ನಿವಾಸಿಯು ವಿಜಯಪುರದ ಜಿಲ್ಲಾ ಆಯೋಗಕ್ಕೇ ಅರ್ಜಿ ಹಾಕಬಹುದು. ಪಾವತಿಸಿದ ಪ್ರತಿಫಲವು 5 ಲಕ್ಷ ರೂಪಾಯಿಯವರೆಗೆ ಇದ್ದರೆ ಶುಲ್ಕವಿಲ್ಲ. ವಕೀಲರು ಕಡ್ಡಾಯವಲ್ಲ. ಎರಡು ವರ್ಷಗಳೊಳಗಾಗಿ ದೂರು ಸಲ್ಲಿಸಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆಮಾಡಿ ಕನ್ನಡದಲ್ಲಿಯೇ ಸಮಸ್ಯೆಯನ್ನು ತಿಳಿಸಬಹುದು. ವಿವಾದವಿದ್ದರೂ ವಾಹನವನ್ನು ಬಿಡಿಸಿಕೊಳ್ಳಬೇಕಾದಲ್ಲಿ, ಆಕ್ಷೇಪಣೆಯೊಂದಿಗೆ ಹಣ ಪಾವತಿಸಲಾಗಿದೆ ಎಂದು ಬರೆದು ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು.

ಕೆಲವು ಎಚ್ಚರಿಕೆಗಳು

ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ಒತ್ತಡದಲ್ಲಿರುವ ಕುದಿದ್ರವವು ಚಿಮ್ಮಿ ಮುಖ, ಕೈಗಳು ಸುಡುತ್ತವೆ. ಎಥಿಲೀನ್ ಗ್ಲೈಕಾಲ್ ರುಚಿಯಲ್ಲಿ ಸಿಹಿಯಾದರೂ ಮೂತ್ರಪಿಂಡಗಳನ್ನು ಹಾಳುಮಾಡುವ ವಿಷ. ಕೊಳವೆಯನ್ನು ಬಾಯಿಂದ ಎಳೆದು ಇದನ್ನು ಹೊರತೆಗೆಯಬಾರದು, ಕುಡಿಯುವ ನೀರಿನ ಬಾಟಲಿಗಳಲ್ಲಿ ತುಂಬಿಡಬಾರದು. ಮಕ್ಕಳು ಕುಡಿದಿರುವ ಶಂಕೆಯುಂಟಾದರೆ, ಲಕ್ಷಣಗಳಿಗಾಗಿ ಕಾಯದೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು. ಹಳೆಯ ದ್ರವವನ್ನು ಚರಂಡಿಗೆ ಸುರಿದರೆ ಅದು ಮುಳಾ-ಮುಠಾ ನದಿಗಳನ್ನು ಸೇರುತ್ತದೆ. ಮುಚ್ಚಿದ ಡಬ್ಬಿಯಲ್ಲಿಟ್ಟು, ತ್ಯಾಜ್ಯವನ್ನು ಕ್ರಮಬದ್ಧವಾಗಿ ವಿಲೇವಾರಿ ಮಾಡುವ ಗ್ಯಾರೇಜಿಗೆ ಒಪ್ಪಿಸಬೇಕು.

ತಿಂಗಳಿಗೊಮ್ಮೆ, ಎಂಜಿನ್ ತಣ್ಣಗಿರುವಾಗ, ಶೀತಕದ ಮಟ್ಟವನ್ನೂ ಬಣ್ಣವನ್ನೂ ನೋಡಲು ಎರಡು ನಿಮಿಷ ಸಾಕು. ವಾಹನದ ಕೈಪಿಡಿಯಲ್ಲಿ ಸೂಚಿಸಿದ ಬಗೆಯ ದ್ರವವನ್ನೇ ಬಳಸಿ, ಸೂಚಿಸಿದ ಅವಧಿಗೆ ಬದಲಾಯಿಸಿ, ಬಿಲ್ಲುಗಳನ್ನು ಜೋಪಾನವಾಗಿಟ್ಟುಕೊಂಡರೆ ಎಂಜಿನ್ನಿನ ಬಾಳಿಕೆಯೂ ಹೆಚ್ಚುತ್ತದೆ, ವಿವಾದ ಬಂದಾಗ ಗ್ರಾಹಕನ ಕೈಯಲ್ಲಿ ಆಧಾರವೂ ಇರುತ್ತದೆ.