ವಿಮಾನದ ಚಿತ್ರದಿಂದ ಕಾಡಿನ ನಕ್ಷೆ

ಗುಂಡ್ಲುಪೇಟೆಯಿಂದ ಗೂಡಲೂರಿಗೋ ಸುಲ್ತಾನ್ ಬತ್ತೇರಿಗೋ, ಚಾಮರಾಜನಗರದಿಂದ ಪುಣಜೂರು ದಾಟಿ ಹಾಸನೂರಿಗೋ ಬಸ್ಸಿನಲ್ಲಿ ಹೋಗಿ ಬರುವವರಿಗೆ ಗೊತ್ತು, ರಾಜ್ಯದ ಗಡಿ ಕಾಡಿನ ನಡುವೆಯೇ ಬರುತ್ತದೆ. ಕೆಕ್ಕನಹಳ್ಳ ದಾಟಿದರೆ ಬಂಡೀಪುರ ಹೋಗಿ ಮುದುಮಲೈ ಆಗುತ್ತದೆ. ಮೂಲೆಹೊಳೆ ದಾಟಿದರೆ ವಯನಾಡು ಅಭಯಾರಣ್ಯ ಆಗುತ್ತದೆ. ಫಲಕದ ಲಿಪಿ ಬದಲಾಗುತ್ತದೆ, ಮರ ಬದಲಾಗುವುದಿಲ್ಲ. ಅದೇ ಮತ್ತಿ, ಅದೇ ದಿಂಡಿಗ, ಅದೇ ತೇಗ.

ಇಂಥ ದೊಡ್ಡ ಕಾಡಿನಲ್ಲಿ ಯಾವ ಮರ ಎಲ್ಲಿದೆ, ಹುಲ್ಲುಗಾವಲು ಎಲ್ಲಿಂದ ಎಲ್ಲಿಯವರೆಗೆ, ಬಿದಿರು ಎಷ್ಟು, ಪೊದೆ ಎಷ್ಟು ಎಂದು ಕಾಗದದ ಮೇಲೆ ಬರೆಯುವುದು ಹೇಗೆ? ಇದು ಇಲಾಖೆಯವರ ತಲೆನೋವು, ನಮಗೇಕೆ ಎನ್ನಬೇಡಿ. ಬೆಂಕಿರೇಖೆ ಎಲ್ಲಿ ಕಡಿಯಬೇಕು, ಕಳೆಗಿಡ ಎಲ್ಲಿ ಕೀಳಬೇಕು, ಯಾವ ಜಾಗವನ್ನು ಕಾಡು ಎನ್ನಬೇಕು ಎನ್ನುವ ತೀರ್ಮಾನಗಳಿಗೆ ಮೊದಲು ಮೇಜಿನ ಮೇಲೆ ಹರಡುವುದು ನಕ್ಷೆಯನ್ನೇ. ಆ ನಕ್ಷೆ ತಯಾರಾಗುವ ಬಗೆಯನ್ನು ಇವತ್ತು ಹೇಳುತ್ತೇನೆ.

ವಿಮಾನದಿಂದ ಕಾಡಿನ ಚಿತ್ರ ತೆಗೆಯುವುದು ಹೊಸ ವಿದ್ಯೆಯಲ್ಲ. ಬರ್ಮಾ ದೇಶ ಬ್ರಿಟಿಷ್ ಇಂಡಿಯಾದ ಭಾಗವಾಗಿದ್ದಾಗ, 1924ರಲ್ಲಿಯೇ ಐರಾವತಿ ನದೀಮುಖದ ಕಾಡುಗಳನ್ನು ಹೀಗೆ ಚಿತ್ರ ತೆಗೆದು ಅಳೆದಿದ್ದರು. ಕೆಸರು, ಕಾಲುವೆ, ಮೊಸಳೆಗಳ ಆ ನಾಡಿನಲ್ಲಿ ಸರಪಳಿ ಹಿಡಿದು ನಡೆಯುವುದಕ್ಕಿಂತ ಹಾರುವುದೇ ಸುಲಭವಾಗಿತ್ತು.

ಕ್ರಮ ಹೀಗಿದೆ. ವಿಮಾನದ ತಳದಲ್ಲಿ ನೇರ ಕೆಳಕ್ಕೆ ನೋಡುವ ಕ್ಯಾಮೆರಾ ಇರುತ್ತದೆ. ಹೊಲ ಉಳುವವನು ಸಾಲಿನ ಪಕ್ಕ ಸಾಲು ಹೊಡೆಯುವಂತೆ ವಿಮಾನ ಹೋಗಿ, ತಿರುಗಿ, ಮತ್ತೆ ಬರುತ್ತದೆ. ಒಂದು ಚಿತ್ರದ ಮೇಲೆ ಮುಂದಿನ ಚಿತ್ರ ಸುಮಾರು 60 ಪಾಲು ಹಾಯುತ್ತದೆ. ಪಕ್ಕದ ಸಾಲಿನ ಮೇಲೆ 30 ಪಾಲು. ಒಂದೇ ಮರವನ್ನು ಏಕೆ ಎರಡು ಸಲ ತೆಗೆಯಬೇಕು? ನಮಗೆ ಎರಡು ಕಣ್ಣು ಏಕೆ ಬೇಕೋ ಅದಕ್ಕೇ. ಎರಡು ಜಾಗದಿಂದ ತೆಗೆದ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಸ್ಟೀರಿಯೋಸ್ಕೋಪ್ ಎಂಬ ಜೋಡಿ ಮಸೂರದಲ್ಲಿ ನೋಡಿದರೆ ಬೆಟ್ಟ ಮೇಲೆದ್ದು ನಿಲ್ಲುತ್ತದೆ, ಕಣಿವೆ ಕೆಳಗಿಳಿಯುತ್ತದೆ, ಎತ್ತರದ ಮರ ಯಾವುದು, ಕುರುಚಲು ಯಾವುದು ಎಂದು ಬೇರೆಯಾಗಿ ಕಾಣುತ್ತದೆ. ಈಗ ಇದನ್ನು ಕಂಪ್ಯೂಟರಿನ ಪರದೆಯ ಮೇಲೆಯೇ ಮಾಡುತ್ತಾರೆ. ತತ್ವ ಅದೇ.

ಈ ಕೆಲಸವನ್ನು ಬಹಳ ಶ್ರದ್ಧೆಯಿಂದ ಮಾಡಿದ ಒಂದು ಕಾಡಿನ ಸಂಗತಿ ಓದಿದ್ದೇನೆ. ಅದೂ ಗಡಿಯ ಕಾಡೇ. ಅಮೆರಿಕದ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನ. ಟೆನೆಸೀ ಮತ್ತು ನಾರ್ತ್ ಕೆರೊಲಿನಾ ಎಂಬ ಎರಡು ರಾಜ್ಯಗಳ ಗಡಿಗೆರೆ ಅದರ ಬೆಟ್ಟಸಾಲಿನ ನೆತ್ತಿಯ ಮೇಲೆಯೇ ಹಾದುಹೋಗುತ್ತದೆ. ವಿಸ್ತೀರ್ಣ ಸುಮಾರು 2,100 ಚದರ ಕಿಲೋಮೀಟರ್. ಅತಿ ಎತ್ತರದ ಶಿಖರ 2,025 ಮೀಟರ್. ಅದನ್ನು ಬಹುಕಾಲ ಕ್ಲಿಂಗ್‌ಮನ್ಸ್ ಡೋಮ್ ಎನ್ನುತ್ತಿದ್ದರು. ಅಲ್ಲಿನ ಮೂಲನಿವಾಸಿ ಚೆರೋಕಿ ಜನರು ಕೇಳಿಕೊಂಡ ಮೇಲೆ 2024ರಲ್ಲಿ ಅದರ ಹಳೆಯ ಹೆಸರು ಕುವೋಹಿ ಎಂಬುದನ್ನೇ ಮರಳಿ ಇಟ್ಟರು. ಊರಿನ ಹೆಸರು ಕಡತದಲ್ಲಿ ಬೇರೆಯಾದರೆ ಏನಾಗುತ್ತದೆಂದು ಗಡಿನಾಡಿನ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅಮೆರಿಕದಲ್ಲಿ ರಾಷ್ಟ್ರೀಯ ಉದ್ಯಾನಗಳ ಸಸ್ಯವರ್ಗವನ್ನು ಒಂದೇ ಪದ್ಧತಿಯಲ್ಲಿ ನಕ್ಷೆ ಮಾಡುವ ಯೋಜನೆ 1994ರಲ್ಲಿ ಶುರುವಾಯಿತು. ಸ್ಮೋಕಿ ಉದ್ಯಾನದ ಪಾಲನ್ನು ಜಾರ್ಜಿಯಾ ವಿಶ್ವವಿದ್ಯಾಲಯದವರು ವಹಿಸಿಕೊಂಡರು. ಮುಖ್ಯ ಚಿತ್ರಗಳನ್ನು 1997–98ರಲ್ಲಿ, ಮರಗಳಲ್ಲಿ ಎಲೆ ಇದ್ದಾಗ, ಹನ್ನೆರಡು ಸಾವಿರಕ್ಕೆ ಒಂದು ಎಂಬ ಪ್ರಮಾಣದಲ್ಲಿ ತೆಗೆದರು. ಅಂದರೆ ಚಿತ್ರದ ಒಂದು ಸೆಂಟಿಮೀಟರ್ ನೆಲದ ಮೇಲೆ 120 ಮೀಟರ್. ಕೂಡುವ ಕಳೆಯುವ ಕೆಲಸವನ್ನೇ ಜೀವಮಾನವಿಡೀ ಮಾಡಿದವನಾದ್ದರಿಂದ ನಾನೂ ಲೆಕ್ಕ ಹಾಕಿ ನೋಡಿದೆ. ಇಂಥ ಚಿತ್ರದ ಒಂದು ಬದಿ 23 ಸೆಂಟಿಮೀಟರ್, ಅಂದರೆ 2,760 ಮೀಟರ್. ಒಂದು ಚಿತ್ರದಲ್ಲಿ ಏಳೂವರೆ ಚದರ ಕಿಲೋಮೀಟರಿಗೆ ತುಸು ಹೆಚ್ಚು ನೆಲ. ಆದರೆ ಒಂದರ ಮೇಲೊಂದು ಹಾಯುವ ಪಾಲನ್ನು ಕಳೆದರೆ ಪ್ರತಿ ಚಿತ್ರದಿಂದ ಹೊಸದಾಗಿ ಸಿಗುವುದು ಎರಡು ಚದರ ಕಿಲೋಮೀಟರಿಗೆ ಸ್ವಲ್ಪ ಮೇಲೆ. ಇಡೀ ಉದ್ಯಾನಕ್ಕೆ ಸಾವಿರದಷ್ಟು ಚಿತ್ರ ಬೇಕಾಗುತ್ತದೆ. ಒಂದೊಂದನ್ನೂ ಕಣ್ಣಿಟ್ಟು ಓದಬೇಕು, ಒಂದೊಂದು ಮರಗುಂಪಿನ ಸುತ್ತಲೂ ಗೆರೆ ಎಳೆಯಬೇಕು. ಇದು ಎಷ್ಟು ವರ್ಷದ ಕೆಲಸವೆಂದರೆ, ವರದಿ ಮುಗಿದದ್ದು 2004ರಲ್ಲಿ.

ಅವರು ಬಳಸಿದ ಫಿಲ್ಮು ಮಾಮೂಲಿ ಬಣ್ಣದ ಫಿಲ್ಮಲ್ಲ. ಎಲೆ ನಮ್ಮ ಕಣ್ಣಿಗೆ ಹಸಿರು. ಆದರೆ ಕಣ್ಣಿಗೆ ಕಾಣದ ಇನ್ನೊಂದು ಬೆಳಕಿದೆ, ಕೆಂಪಿನಿಂದಾಚೆಗಿನದು, ಅವಕೆಂಪು ಎನ್ನುತ್ತಾರೆ. ಆರೋಗ್ಯವಾಗಿರುವ ಎಲೆಯ ಒಳಗಿನ ಸಡಿಲವಾದ ಕಣಗಳು ಈ ಬೆಳಕನ್ನು ಹಸಿರಿಗಿಂತ ಎಷ್ಟೋ ಪಾಲು ಹೆಚ್ಚಾಗಿ ಹಿಂದಕ್ಕೆ ಎಸೆಯುತ್ತವೆ. ಎರಡನೆಯ ಮಹಾಯುದ್ಧದಲ್ಲಿ ಫಿರಂಗಿಯ ಮೇಲೆ ಸೊಪ್ಪು ಮುಚ್ಚಿ ಅಡಗಿಸುವುದನ್ನು ಪತ್ತೆ ಮಾಡಲು ಈ ಫಿಲ್ಮು ಬಂತು. ಕಡಿದ ಸೊಪ್ಪು ಕಣ್ಣಿಗೆ ಹಸಿರಾಗಿ ಕಂಡರೂ ಫಿಲ್ಮಿಗೆ ಸತ್ತಂತೆ ಕಾಣುತ್ತದೆ. ಈ ಚಿತ್ರದಲ್ಲಿ ಕಾಡೆಲ್ಲ ಕೆಂಪು. ಅಗಲ ಎಲೆಯ ಮರಗಳು ತಿಳಿಗೆಂಪು, ಸೂಜಿಯಂಥ ಎಲೆಯ ಮರಗಳು ಕಪ್ಪುಗೆಂಪು, ಒಣಗಿದ ಮರ ಬೂದಿ ಬಣ್ಣ. ಮೊದಲ ಸಲ ನೋಡಿದವರಿಗೆ ಕಾಡಿಗೇ ಬೆಂಕಿ ಬಿದ್ದಂತೆ ಅನಿಸಬಹುದು.

ಬಣ್ಣವೊಂದೇ ಸಾಲದು. ಓದುವವನು ಮರದ ನೆತ್ತಿಯ ಆಕಾರ, ನೆರಳಿನ ಉದ್ದ, ಗುಂಪಿನ ಒರಟು ನಯ, ನಿಂತಿರುವ ಜಾಗ ಎಲ್ಲವನ್ನೂ ಸೇರಿಸಿ ಹೇಳುತ್ತಾನೆ. ನಾವು ಗುಡ್ಡದ ಮೇಲೆ ನಿಂತು ಅದು ತೆಂಗಿನ ತೋಟ, ಇದು ಅಡಿಕೆ, ಆಚೆಯದು ಸಾಲಾಗಿ ನೆಟ್ಟ ಸರ್ಕಾರಿ ತೇಗ ಎಂದು ದೂರದಿಂದಲೇ ಹೇಳುವುದಿಲ್ಲವೇ, ಹಾಗೆಯೇ.

ಆದರೂ ಒಂದು ತೊಡಕು ಉಳಿಯುತ್ತದೆ. ಮೇಲಿನಿಂದ ಕಾಣುವುದು ಮನೆಯ ಮಾಡು ಮಾತ್ರ, ಒಳಗಿನ ಪಾತ್ರೆಪಡಗ ಕಾಣುವುದಿಲ್ಲ. ಸ್ಮೋಕಿ ಕಾಡಿನಲ್ಲಿ ದೊಡ್ಡ ಮರಗಳ ಕೆಳಗೆ ರೋಡೋಡೆಂಡ್ರಾನ್ ಪೊದೆಗಳು ದಟ್ಟವಾಗಿ ಬೆಳೆದಿವೆ. ನೀಲಗಿರಿಯ ಶೋಲಾ ಅಂಚಿನಲ್ಲಿ ಕೆಂಪು ಹೂ ಬಿಡುತ್ತದಲ್ಲ, ಅದರ ದಾಯಾದಿಗಳು. ಬೆಂಕಿ ಬಿದ್ದರೆ ಎಷ್ಟು ಉರಿಯುತ್ತದೆ ಎಂದು ತಿಳಿಯಲು ಆ ಕೆಳಗಿನ ಪೊದೆಯ ಲೆಕ್ಕವೇ ಬೇಕು. ಅದಕ್ಕೆ ಅವರು ಮಾಡಿದ ಉಪಾಯ ನನಗೆ ಬಹಳ ಹಿಡಿಸಿತು. ದೊಡ್ಡ ಮರಗಳೆಲ್ಲ ಎಲೆ ಉದುರಿಸಿ ಬೋಳಾಗಿ ನಿಂತ ಕಾಲದಲ್ಲಿ ತೆಗೆದ ಬೇರೆ ಚಿತ್ರಗಳನ್ನು ತಂದು ನೋಡಿದರು. ಈ ಪೊದೆಗಳು ಚಳಿಗಾಲದಲ್ಲೂ ಎಲೆ ಬಿಡುವುದಿಲ್ಲ. ಬೋಳು ಕೊಂಬೆಗಳ ಸಂದಿಯಿಂದ ಅವು ಎದ್ದು ಕಂಡವು. ಹೀಗೆ ಒಂದೇ ಕಾಡಿಗೆ ಎರಡು ನಕ್ಷೆಗಳಾದವು, ಮೇಲ್ಮರದ್ದೊಂದು, ಕೆಳಪೊದೆಯದ್ದೊಂದು.

ನಕ್ಷೆಯಿದ್ದರೆ ಬೆಂಕಿ ನಿಲ್ಲುತ್ತದೆ ಎಂದು ನಾನು ಹೇಳುತ್ತಿಲ್ಲ. 2016ರ ನವೆಂಬರಿನಲ್ಲಿ ಅದೇ ಉದ್ಯಾನದೊಳಗೆ ಹೊತ್ತಿದ ಬೆಂಕಿ ಐದು ದಿನದ ಮೇಲೆ ಬಿರುಗಾಳಿ ಸೇರಿ ಗ್ಯಾಟ್ಲಿನ್‌ಬರ್ಗ್ ಎಂಬ ಅಂಚಿನ ಊರಿಗೆ ನುಗ್ಗಿತು. 14 ಜನ ಸತ್ತರು. 2019ರ ಫೆಬ್ರವರಿಯಲ್ಲಿ ನಮ್ಮ ಬಂಡೀಪುರ ಉರಿದದ್ದನ್ನು ಈ ಕಡೆಯ ಹಳ್ಳಿಗಳೆಲ್ಲ ಕಂಡಿವೆ. ಆಗ ಉರಿದದ್ದರಲ್ಲಿ ಲಂಟಾನದ ಪಾಲು ಎಷ್ಟೆಂದು ಕಾಡಂಚಿನವರನ್ನು ಕೇಳಬೇಕು. ತಮಿಳಿನಲ್ಲಿ ಉನ್ನಿ ಚೆಡಿ ಎನ್ನುವ ಈ ಗಿಡ ಮತ್ತಿ, ದಿಂಡಿಗದ ಕೆಳಗೆ ಆಳೆತ್ತರಕ್ಕೆ ಹಬ್ಬಿ, ಬೇಸಿಗೆಯಲ್ಲಿ ತಾನೂ ಒಣಗಿ ಸೌದೆಯಾಗುತ್ತದೆ. ಹಾಗಾಗಿ ಅಮೆರಿಕದ ಉಪಾಯ ಇಲ್ಲಿ ಹಾಗೆಯೇ ನಡೆಯುವುದಿಲ್ಲ. ಚಿತ್ರ ತೆಗೆಯುವ ಹೊತ್ತನ್ನು ನಮ್ಮ ಕಾಡಿನ ಎಲೆಯುದುರುವ ಲೆಕ್ಕದಲ್ಲಿಯೇ ಗೊತ್ತುಮಾಡಬೇಕು. ವಯನಾಡಿನಲ್ಲಿ ಹಬ್ಬಿರುವ ಮಂಜಕ್ಕೊನ್ನದ ವಿಷಯ ಬೇರೆ. ಅದು ಮೈತುಂಬ ಹಳದಿ ಹೂ ಬಿಟ್ಟಾಗ ಮೇಲಿನಿಂದ ನೋಡುವವನಿಗೆ ತಾನೇ ತನ್ನ ವಿಳಾಸ ಕೊಡುತ್ತದೆ.

ಚಿತ್ರ ಓದಿ ಗೆರೆ ಎಳೆದ ಮೇಲೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಕಾಲಿನ ಕೆಲಸ. ನಕ್ಷೆಯಲ್ಲಿ ಇಂಥ ಜಾಗದಲ್ಲಿ ಇಂಥ ಮರ ಎಂದು ಬರೆದದ್ದು ನಿಜವೇ ಎಂದು, ಅಲ್ಲಲ್ಲಿ ಚೀಟಿ ಎತ್ತಿದಂತೆ ಜಾಗಗಳನ್ನು ಆರಿಸಿ, ನಡೆದು ಹೋಗಿ ನೋಡಬೇಕು. ಅಲ್ಲಿನ ಉದ್ಯಾನಗಳ ಯೋಜನೆಯಲ್ಲಿ ಪ್ರತಿಯೊಂದು ಬಗೆಯ ಕಾಡಿಗೂ ನೂರಕ್ಕೆ 80 ಪಾಲು ತಾಳೆಯಾಗಬೇಕೆಂಬ ಗುರಿ ಇಟ್ಟರು. ಎಂಬತ್ತು ಕಡಿಮೆಯಾಯಿತು ಎಂದು ನನಗೆ ಮೊದಲು ಅನಿಸಿತ್ತು. ಬ್ಯಾಂಕಿನ ಲೆಡ್ಜರಿನಲ್ಲಿ ಒಂದು ರೂಪಾಯಿ ತಾಳೆಯಾಗದಿದ್ದರೂ ರಾತ್ರಿ ಮನೆಗೆ ಬಿಡುತ್ತಿರಲಿಲ್ಲ. ಆದರೆ ನಮ್ಮಲ್ಲಿ ಒಬ್ಬರ ಬಾವಿ ಸಾಲದ ಕಡತದಲ್ಲಿ ಚಿಟ್ಟಾ, ಅಡಂಗಲ್, ಸ್ಕೆಚ್ಚು ಎಲ್ಲ ಸರಿಯಾಗಿದ್ದು, ಪರಿಶೀಲನೆಗೆ ಹೋದಾಗ ಬಾವಿಯೇ ಇಲ್ಲದ ಪ್ರಸಂಗವೂ ನಡೆದಿತ್ತು. ನೂರಕ್ಕೆ ಇಪ್ಪತ್ತು ತಪ್ಪಿರಬಹುದು ಎಂದು ಮೊದಲೇ ಬರೆದಿಡುವ ನಕ್ಷೆ ಅದಕ್ಕಿಂತ ಪ್ರಾಮಾಣಿಕ.

ಇಷ್ಟು ಶ್ರಮದ ಬೆಲೆ ಆಮೇಲೆ ತಿಳಿಯಿತು. ಸ್ಮೋಕಿ ಬೆಟ್ಟಗಳ ಹಲವು ಇಳಿಜಾರುಗಳಲ್ಲಿ ಒಂದು ಕಾಲಕ್ಕೆ ಚೆಸ್ಟ್‌ನಟ್ ಮರವೇ ಮುಖ್ಯವಾಗಿತ್ತು. ಏಷ್ಯಾದಿಂದ ಬಂದ ಬೂಷ್ಟು ರೋಗ 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿ, ಮುಂದಿನ ನಾಲ್ಕು ದಶಕಗಳಲ್ಲಿ ಆ ಮರವನ್ನು ಕಾಡಿನಿಂದ ಬಹುಪಾಲು ಅಳಿಸಿತು. 1930ರ ದಶಕದಲ್ಲಿ ಉದ್ಯಾನದವರು ಕಾಲ್ನಡಿಗೆಯಲ್ಲಿ ಸಾವಿರಕ್ಕೂ ಹೆಚ್ಚು ಜಾಗಗಳಲ್ಲಿ ಮರ ಎಣಿಸುವ ಹೊತ್ತಿಗೆ ಚೆಸ್ಟ್‌ನಟ್ ಆಗಲೇ ಸಾಯುತ್ತಿತ್ತು. ರೋಗಕ್ಕೆ ಮುಂಚಿನ ಪೂರ್ತಿ ನಕ್ಷೆ ಇರಲೇ ಇಲ್ಲ. ಹೆಮ್‌ಲಾಕ್ ಮರದ ವಿಷಯದಲ್ಲಿ ಹಾಗಾಗಲಿಲ್ಲ. ಹೊಳೆ ದಂಡೆಯಲ್ಲಿ ನಿಂತು ನೀರಿಗೆ ನೆರಳು ಕೊಡುವ ಈ ಮರದ ರಸ ಹೀರುವ, ಹತ್ತಿಯ ಚೂರಿನಂತೆ ಕಾಣುವ ಸಣ್ಣ ಕೀಟವೊಂದು 2002ರಲ್ಲಿ ಉದ್ಯಾನದೊಳಗೆ ಸಿಕ್ಕಿತು. ಆ ಹೊತ್ತಿಗೆ ಅದಕ್ಕೂ ಮುಂಚಿನ ಚಿತ್ರಗಳು ತೆಗೆದಾಗಿದ್ದವು. ಬ್ಯಾಂಕಿನ ಮಾತಿನಲ್ಲಿ ಹೇಳುವುದಾದರೆ ಆರಂಭದ ಶಿಲ್ಕು ಬರೆದಿಟ್ಟಿತ್ತು. ಆಮೇಲೆ ಎಷ್ಟು ಹೋಯಿತು ಎಂದು ಹೇಳಲು ಒಂದು ದಾರಿ ಉಳಿಯಿತು.

ನಮ್ಮ ದೇಶದಲ್ಲೂ 1965ರಲ್ಲಿ ವಿಶ್ವಸಂಸ್ಥೆಯ ನೆರವಿನಿಂದ ಕಾಡಿನ ಸಂಪತ್ತಿನ ಸಮೀಕ್ಷೆ ಶುರುವಾಯಿತು. ಅದರಲ್ಲಿ ವಿಮಾನದ ಚಿತ್ರಗಳನ್ನು ಬಳಸಿದರು. 1981ರಲ್ಲಿ ಅದೇ ಸಂಸ್ಥೆ ಭಾರತೀಯ ಅರಣ್ಯ ಸರ್ವೇಕ್ಷಣೆ ಆಯಿತು. 1987ರಿಂದ ಬರುತ್ತಿರುವ ಅದರ ವರದಿಗಳಿಗೆ ಉಪಗ್ರಹದ ಚಿತ್ರವೇ ಆಧಾರ. ಈ ವರದಿಯಲ್ಲಿ ಕಾಡಿನ ಹೊದಿಕೆ ಎಂದರೆ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ, ನೂರಕ್ಕೆ ಹತ್ತು ಪಾಲಾದರೂ ಮರದ ನೆತ್ತಿ ಮುಚ್ಚಿದ ಜಾಗ. ಯಾರ ಜಮೀನು, ಯಾವ ಮರ ಎಂದು ಅದು ಕೇಳುವುದಿಲ್ಲ. ಆದ್ದರಿಂದ ವಯನಾಡಿನ ಕಾಫಿ ತೋಟದ ನೆರಳುಮರವೂ ಕಾಸರಗೋಡಿನ ರಬ್ಬರೂ ಆ ಲೆಕ್ಕದಲ್ಲಿ ಕಾಡಿನ ಹೊದಿಕೆಯೇ. ಹೊದಿಕೆಯ ನಕ್ಷೆ ಬೇರೆ, ಸಸ್ಯವರ್ಗದ ನಕ್ಷೆ ಬೇರೆ ಎಂಬುದನ್ನು ಪತ್ರಿಕೆಯಲ್ಲಿ ಕಾಡು ಹೆಚ್ಚಾಯಿತು ಎಂದು ಓದುವಾಗ ನೆನಪಿಡಿ.

ಇನ್ನೊಂದು ಸಂಗತಿ ಅಳತೆಯದು. ಅಮೆರಿಕದ ಯೋಜನೆಯಲ್ಲಿ ನಕ್ಷೆಗೆ ಬರುವ ಅತಿ ಸಣ್ಣ ತುಂಡು ಅರ್ಧ ಹೆಕ್ಟೇರು, ಅಂದರೆ ಒಂದೂಕಾಲು ಎಕರೆ. ಅದಕ್ಕಿಂತ ಸಣ್ಣದು ಪಕ್ಕದ ಬಣ್ಣದೊಳಗೆ ಕರಗಿಹೋಗುತ್ತದೆ. ನಮ್ಮ ಕಾಡುಗಳಲ್ಲಿ ದನ ನೀರು ಕುಡಿಯುವ ಹಡ್ಲು, ಹತ್ತಿಪ್ಪತ್ತು ಮರದ ದೇವರಕಾಡು, ಬಿಟ್ಟುಹೋದ ಹಾಡಿಯ ಸುತ್ತಲಿನ ಮಾವು, ಹುಣಸೆ ಎಷ್ಟೋ ಇದಕ್ಕಿಂತ ಚಿಕ್ಕವು. ಆಕಾಶದಿಂದ ನೋಡುವವನಿಗೆ ಆ ಹುಣಸೆ ಒಂದು ಮರ. ಅಲ್ಲಿ ಮನೆಯಿತ್ತು ಎಂಬುದು ನಡೆದುಹೋದವನಿಗೆ, ಅದೂ ಜೊತೆಯಲ್ಲಿ ಊರಿನ ಹಿರಿಯರಿದ್ದರೆ, ಗೊತ್ತಾಗುತ್ತದೆ.

ಇದಕ್ಕಾಗಿಯೇ ಈ ಮಾತು ಹೇಳಿ ಮುಗಿಸುತ್ತೇನೆ. 2006ರ ಅರಣ್ಯ ಹಕ್ಕು ಕಾಯ್ದೆಯ ಅರ್ಜಿಗಳನ್ನು ತೀರ್ಮಾನಿಸುವಾಗ ಉಪಗ್ರಹದ ಚಿತ್ರವನ್ನು ಸಾಕ್ಷ್ಯವಾಗಿ ನೋಡಬಹುದು. ಆದರೆ ಅದು ಬೇರೆ ಸಾಕ್ಷ್ಯಗಳಿಗೆ ಪೂರಕ ಮಾತ್ರ, ಅವುಗಳ ಬದಲಿಗೆ ನಿಲ್ಲುವಂಥದ್ದಲ್ಲ ಎಂದು 2012ರಲ್ಲಿ ತಿದ್ದಿದ ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಚಿತ್ರದಲ್ಲಿ ಕಾಣಲಿಲ್ಲ ಎಂಬ ಒಂದೇ ಮಾತಿಗೆ ಅರ್ಜಿ ಬಿಟ್ಟು ಬರಬೇಡಿ. ಗ್ರಾಮಸಭೆ ಒಂದಕ್ಕಿಂತ ಹೆಚ್ಚು ಸಾಕ್ಷ್ಯಗಳನ್ನು ನೋಡಬೇಕು. ಅರ್ಜಿದಾರರಲ್ಲದ ಊರಿನ ಹಿರಿಯರು ಹೇಳಿ ಬರೆಸಿದ ಹೇಳಿಕೆಯೂ ಅದೇ ನಿಯಮಗಳ ಪಟ್ಟಿಯಲ್ಲಿ ಒಂದು ಸಾಕ್ಷ್ಯ.