ಉಳಿದ ದೃಷ್ಟಿಯ ಸದ್ವಿನಿಯೋಗ

ಪೊರೆಯ ಶಸ್ತ್ರಚಿಕಿತ್ಸೆ ನೆರವೇರಿ, ತಕ್ಕ ಕನ್ನಡಕವೂ ದೊರೆತು, ವೈದ್ಯರು ತಮ್ಮಿಂದ ಸಾಧ್ಯವಾದುದೆಲ್ಲವನ್ನೂ ಮಾಡಿದ ಬಳಿಕವೂ ಯಾರ ನೋಟವು ತಿಳಿಯಾಗದೋ, ಆದರೆ ಪೂರ್ತಿಯಾಗಿ ನಂದಿಯೂ ಹೋಗಿರದೋ, ಅವರ ಸ್ಥಿತಿಗೆ ಮಂದದೃಷ್ಟಿಯೆಂದು ಹೆಸರು. ಆರೋಗ್ಯವಂತ ಕಣ್ಣು 18 ಮೀಟರ್ ದೂರದಿಂದ ಗುರುತಿಸುವ ಅಕ್ಷರವನ್ನು ಕಾಣಲು 6 ಮೀಟರ್ ಅಥವಾ ಅದಕ್ಕಿಂತಲೂ ಸಮೀಪಕ್ಕೆ ಬರಬೇಕಾದವರನ್ನೂ, ನೋಟದ ಹರಹು 40 ಡಿಗ್ರಿಗಿಂತ ಕಿರಿದಾದವರನ್ನೂ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಅಂಧರಿಂದ ಬೇರ್ಪಡಿಸಿ ಈ ವರ್ಗದಲ್ಲಿರಿಸಿದೆ.

ಅರೆಬರೆ ಕಾಣುವವನ ಪಾಡು ಏನೂ ಕಾಣದವನ ಪಾಡಿಗಿಂತ ಒಂದು ಬಗೆಯಲ್ಲಿ ಕಠಿನ. ಅವನ ಮಾತನ್ನು ನಂಬುವವರಿಲ್ಲ. ಸೂಜಿಗೆ ದಾರ ಪೋಣಿಸುವವನಿಗೆ ಮಗ್ಗುಲಲ್ಲಿ ನಿಂತ ಎಮ್ಮೆ ಕಾಣದೇ ಎಂದು ಕೂಡ್ಲಿಗಿ, ಹರಪನಹಳ್ಳಿ ಸೀಮೆಯ ಯಾವ ಊರಕಟ್ಟೆಯಲ್ಲಾದರೂ ಕೇಳಿಯಾರು. ನಿಜಕ್ಕೂ ಕಾಣದು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಆನುವಂಶಿಕ ವ್ಯಾಧಿಯಲ್ಲಿ ಅಕ್ಷಿಪಟಲದ ಅಂಚಿನ ಕೋಶಗಳು ಮೊದಲು ಕ್ಷಯಿಸುವುದರಿಂದ ಇರುಳುಗುರುಡು ತಲೆದೋರಿ, ಬರಬರುತ್ತ ನಡುವಣ ಕಿರುನೋಟ ಮಾತ್ರ ಉಳಿಯುತ್ತದೆ. ಸೋದರಮಾವನಿಗೆ ಹೆಣ್ಣು ಕೊಡುವಂತಹ ರಕ್ತಸಂಬಂಧದ ವಿವಾಹಗಳಲ್ಲಿ ಇದರ ಕೆಲವು ಪ್ರಭೇದಗಳ ಸಂಭವ ಹೆಚ್ಚು. ಇದಕ್ಕೆ ವಿಪರೀತವಾಗಿ, ಅಕ್ಷಿಪಟಲದ ಮಧ್ಯಭಾಗವೇ ಸವೆದ ಮುದುಕಿ ಕೊಟ್ಟೂರು ತೇರಿನ ಸಂದಣಿಯಲ್ಲಿ ಎಡವದೆ ನಡೆದಾಳು, ಎದುರು ನಿಂತ ಮೊಮ್ಮಗನ ಮುಖವನ್ನು ಮಾತ್ರ ಗುರುತಿಸಲಾರಳು.

ಉಳಿದ ನೋಟವನ್ನು ಬಳಸುವ ವಿದ್ಯೆ ಬಹು ಸರಳವಾದುದು. ವಸ್ತುವಿನ ದೂರವನ್ನು ಅರ್ಧಕ್ಕಿಳಿಸಿದರೆ ಅಕ್ಷಿಪಟಲದ ಮೇಲಣ ಬಿಂಬ ಇಮ್ಮಡಿಯಾಗುತ್ತದೆ. ಆದುದರಿಂದ ಪುಸ್ತಕವನ್ನು ಮೂಗಿನ ಬಳಿಗೆ ತಂದು ಓದುವ ಮಂದದೃಷ್ಟಿಯ ಮಗುವನ್ನು ಕಣ್ಣು ಹಾಳಾದೀತೆಂದು ಗದರಿಸುವುದು ಅನ್ಯಾಯ, ಅದರಿಂದ ಕಣ್ಣಿಗೆ ಯಾವ ಹಾನಿಯೂ ಇಲ್ಲ. ಅಷ್ಟು ಸಮೀಪದಲ್ಲಿ ನೋಟವನ್ನು ನೆಲೆಗೊಳಿಸಲಾರದ ವೃದ್ಧರಿಗೆ ಭೂತಗನ್ನಡಿ ಒದಗುತ್ತದೆ. ಗಾತ್ರದಷ್ಟೇ ಮುಖ್ಯವಾದುದು ವರ್ಣಭೇದ. ಹಡಗಲಿಯ ಮಲ್ಲಿಗೆಮೊಗ್ಗುಗಳನ್ನು ಬಿಳಿಯ ಪಂಚೆಯ ಮೇಲೆ ಹರವಿದರೆ ಮಬ್ಬುಗಣ್ಣಿನವಳು ತಡಕಾಡುವಳು. ಅವನ್ನೇ ಕರಿಯ ಕಂಬಳಿಯ ಮೇಲೆ ಸುರಿದು, ಬೆಳಕು ಕಣ್ಣಿಗೆ ಬಡಿಯದಂತೆ ಬೆನ್ನ ಹಿಂದಣಿಂದ ಬೀಳುವಂತೆ ಕುಳ್ಳಿರಿಸಿದರೆ, ಒಂದೊಂದೇ ಮೊಗ್ಗು ಎದ್ದು ಕಂಡು, ಮಾಲೆ ಕಟ್ಟುವ ಕೈಗೆ ಹಳೆಯ ಓಟ ಮರಳುತ್ತದೆ. ಖರ್ಚೇನೂ ಇಲ್ಲದ ಈ ಉಪಾಯವನ್ನು ಮನೆಯವರಿಗೆ ತಿಳಿಹೇಳುವವರು ವಿರಳವೆಂಬುದು ನನ್ನ ವ್ಯಥೆ.

ಮನೆಯ ಉಪಾಯಗಳಾಚೆಗೆ ಕಾಯಿದೆಯ ಸೌಲಭ್ಯಗಳನ್ನು ಪಡೆಯಲು ಹಗರಿಬೊಮ್ಮನಹಳ್ಳಿಯ ಮೂಲೆಯ ಹಳ್ಳಿಯವರೂ ಮೊದಲು ಕಾಣಬೇಕಾದುದು ಗ್ರಾಮ ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು. ವೈದ್ಯರ ತಪಾಸಣೆಯಲ್ಲಿ ನ್ಯೂನತೆ ಶೇಕಡ 40ಕ್ಕೆ ಕಡಿಮೆಯಿಲ್ಲವೆಂದು ಸ್ಥಿರಪಟ್ಟರೆ, ಕಾಯಿದೆಯ ಮೀಸಲಾತಿಗಳಿಗೆ ದಾರಿಯಾಗುತ್ತದೆ. ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ, ಬರೆಯಲು ಲಿಪಿಕಾರರ ನೆರವಿಗೆ ಅರ್ಹರಾದ ವಿದ್ಯಾರ್ಥಿಗಳಿಗೆ, ತಾವೇ ಬರೆದರೂ ಸಹ, ಪರೀಕ್ಷೆಯ ಪ್ರತಿ ಗಂಟೆಗೆ 20 ನಿಮಿಷಗಳಿಗೆ ಕಡಿಮೆಯಾಗದಷ್ಟು ಹೆಚ್ಚಿನ ಕಾಲಾವಕಾಶ ಸಲ್ಲುತ್ತದೆ.